ಏರಿದ ಸೀರಿಯಂ

ಶೀಶೆ ಇಟ್ಟಲ್ಲೇ ಇತ್ತು. ಮೇಲಿನ ಚೀಟಿಯೂ ಅದೇ. ಒಳಗಿನ ರಾಡಿ ಮಾತ್ರ ಬೇರೆ.

ಸಮುದ್ರದ ತಳದಲ್ಲಿ ಕುದಿನೀರು ಚಿಮ್ಮುವ ಬುಗ್ಗೆಯ ಪಕ್ಕದಿಂದ ಹಡಗಿನವರು ತೆಗೆದು ಕಳಿಸಿದ ರಾಡಿ ಅದು. ಅದರಲ್ಲಿನ ಯುರೋಪಿಯಂ, ಸೀರಿಯಂನಂಥ ವಿರಳ ಭೂಧಾತುಗಳನ್ನು ಸೇಡಂನ ಈ ಪ್ರಯೋಗಶಾಲೆಯಲ್ಲಿ ಸರಿಯಾಗಿ ಅಳೆದರೆ ಕಿರಿಯ ಸಂಶೋಧಕಿ ಸಮ್ರೀನ್‌ಗೆ ಮುಂದಿನ ಸಂಶೋಧನಾ ಹಡಗಿನಲ್ಲಿ ಜಾಗ. ಈಗ ಜಾಗ ಹೋಗಲಿ, ಹೆಸರೇ ಮಣ್ಣುಪಾಲಾಗುವ ಹೊತ್ತು.

ಮುಖ್ಯಸ್ಥ ಗುರುಲಿಂಗಪ್ಪ ಎರಡು ವರದಿ ಮುಂದಿಟ್ಟರು. "ಹಡಗಿನ್ಯಾಗ ಅಳದಾಗ ಯುರೋಪಿಯಂ ಭಾಳ, ಸೀರಿಯಂ ಕಮ್ಮಿ. ಈಗ ಯುರೋಪಿಯಂದು ಆ ಏರಿಕೆನೇ ಇಲ್ಲ, ಬರೇ ಸುಣ್ಣ. ಇದು ಕಲ್ಲಿನ ರಾಡಿ. ಶಹಾಬಾದದಾಗ ನಿಮ್ಮ ಮನಿಯಾಗ ಫರ್ಸಿ ಕಲ್ಲು ತಿಕ್ಕೋ ಕೆಲಸ ಅಲ್ಲೇನವಾ?"

"ಕೈತಪ್ಪಿ ಚೆಲ್ಲಿರಬೇಕ್ರಿ ಸರ್," ಎಂದ ಮುಜಾಹಿದ್, ಅದೇ ಜಾಗಕ್ಕೆ ಅರ್ಜಿ ಹಾಕಿದ್ದ ಹಿರಿಯ ಸಹೋದ್ಯೋಗಿ. "ಮುಚ್ಚಿಡಾಕ ಮನಿ ರಾಡಿ ತುಂಬ್ಯಾಳ." ಅವನ ಸೊಂಟದಲ್ಲಿ ಪಾಲಿಶ್ ಕೋಣೆಯ ಕೀಲಿ ನೇತಾಡುತ್ತಿತ್ತು. ಗಣಿಗಳಿಂದ ಬಂದ ಸುಣ್ಣದ ಕಲ್ಲಿನ ತೆಳು ಬಿಲ್ಲೆಗಳಿಗೆ ಹೊಳಪು ಕೊಡುವ ಕೆಲಸ ಅವನೊಬ್ಬನದೇ.

"ತಪ್ಪೊಪ್ಪಿಗೆ ಬರದು ಕೊಡವಾ, ಮುಗಿಸಿಬಿಡೂಣು," ಎಂದರು ಗುರುಲಿಂಗಪ್ಪ.

"ಬರಿಯಾಂಗಿಲ್ರಿ."

ಕಲ್ಲು ತಿಕ್ಕಿ ತನ್ನನ್ನು ಓದಿಸಿದ ತಾಯಿ ಮಾಸುಮಬಿಯ ಕೈಗಳು ನೆನಪಾಗಿ ಸಮ್ರೀನ್‌ಗೆ ಸಿಟ್ಟು ನೆತ್ತಿಗೇರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವಳಲ್ಲ ಅವಳು. ಹೊಸ ವರದಿಯನ್ನು ಎಳೆದುಕೊಂಡು ಮೊದಲಿನಿಂದ ಓದಿದಳು.

"ಸರ್, ಇಲ್ಲದ್ದನ್ನ ಎಲ್ಲಾರೂ ನೋಡೀರಿ. ಇದ್ದದ್ದು ಯಾರೂ ನೋಡಿಲ್ಲ. ಸೀರಿಯಂ ಎಷ್ಟದ?"

ಗುರುಲಿಂಗಪ್ಪ ಕನ್ನಡಕ ಸರಿಪಡಿಸಿಕೊಂಡರು. "ಇದೇನವಾ — ಇಷ್ಟ್ಯಾಕದ?"

"ಸಮುದ್ರದ ನೀರಿನಾಗ ಸೀರಿಯಂ ಕಮ್ಮಿ, ಅದಕ್ಕ ಆ ರಾಡಿಯಾಗೂ ಕಮ್ಮಿ. ನಮ್ಮ ಸುಣ್ಣದ ಕಲ್ಲಿನಾಗೂ ಇಷ್ಟು ಇರಾಂಗಿಲ್ಲ. ಹಂಗಾದ್ರ ಎಲ್ಲಿಂದ ಬಂತು?"

ಸಮ್ರೀನ್ ಮುಜಾಹಿದ್‌ನತ್ತ ತಿರುಗಿದಳು.

"ನಮ್ಮ ಅಮ್ಮಾ ತಿಕ್ಕೋದು ಬರೇ ನೀರು, ಸಾಣೆಕಲ್ಲಿನಲೆ. ಹೊಳಪಿಗೆ ಸೀರಿಯಂ ಪುಡಿ ಹಾಕೋದು ಇಲ್ಲಿ, ಪಾಲಿಶ್ ಕೋಣ್ಯಾಗ. ಆ ಮಷೀನಿನ ತಳದಾಗ ಕುಂತ ರಾಡಿ ಇದು. ಕೋಣಿ ಕೀಲಿ ಯಾರ ಕಡಿ ಅದರಿ, ಮುಜಾಹಿದ್ ಭಾಯ್?"

ಅವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಸೊಂಟ ಮುಟ್ಟಿಕೊಂಡ.

ಪಾಲಿಶ್ ಕೋಣೆಯ ಕಪಾಟಿನಲ್ಲಿ ಅಸಲಿ ರಾಡಿ ಸಿಕ್ಕಿತು. ಗುರುಲಿಂಗಪ್ಪ ತಲೆ ಎತ್ತದೆ ಸಮ್ರೀನಳ ಹಡಗಿನ ಅರ್ಜಿ ತುಂಬತೊಡಗಿದರು. "ಊರು ಕಲಬುರಗಿ ಅಂತ ಬರೀಲೇನವಾ? ದೊಡ್ಡ ಊರು."

"ಶಹಾಬಾದ ಅಂತ ಬರೀರಿ," ಎಂದಳು ಸಮ್ರೀನ್. "ತಾಯಿ ಉದ್ಯೋಗ — ಫರ್ಸಿ ತಿಕ್ಕೋದು. ಅದನ್ನೂ ಬರೀರಿ. ಆಮ್ಯಾಲೆ ಒಂದ್ಸಲ ಜೋರಲೆ ಓದ್ರಿ, ಮುಜಾಹಿದ್ ಭಾಯ್‌ಗೂ ಕೇಳಲಿ."