ನಾಲ್ಕನೇ ಸಾಲಿನ ಬೆಂಚು

ನಾನು ಬಡಗಿ ನೂರುಲ್ಲಾ. ಅಳತೆ ತಪ್ಪಿಸಿದ್ದುಂಟು, ಸುಳ್ಳು ಹೇಳಿದ್ದಿಲ್ಲ.

ಗಂಗಾನಗರದ ಹಳೇ ಕಲ್ಲು ಚರ್ಚಿಗೆ ಬೀಗ ಹಾಕುವ ಮಾತು ನಡೆದಿತ್ತು. ಭಾನುವಾರದ ಆರಾಧನೆಗೆ ನಲವತ್ತು ಜನ ಸೇರಿದರೆ ಮಾತ್ರ ಉಳಿಸುತ್ತೇವೆ ಎಂದಿದ್ದರು ಮೇಲಿನವರು. ಚರ್ಚು ನೋಡಿಕೊಳ್ಳುವ ಅರುಳಪ್ಪನವರು ಮಾತ್ರ ಅದು ಉಳಿದೇ ಉಳಿಯುತ್ತದೆಂದು ನಂಬಿ, ಗೆದ್ದಲು ಹಿಡಿದ ಬೆಂಚುಗಳನ್ನು ಒಂದೊಂದಾಗಿ ನನ್ನಿಂದ ರಿಪೇರಿ ಮಾಡಿಸುತ್ತಿದ್ದರು.

ಮೊದಲು ನಾಲ್ಕನೇ ಸಾಲಿನ ಬೆಂಚು ಆರ್.ಟಿ. ನಗರದ ನನ್ನ ಶೆಡ್ಡಿಗೆ ಬಂತು. ಅದರ ಒಂದು ತುದಿ ಯಾವಾಗ ಮುಟ್ಟಿದರೂ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ. ಎಷ್ಟು ಉಜ್ಜಿದರೂ ನಶ್ಯದ ವಾಸನೆ ಹೋಗಲಿಲ್ಲ.

ತಲೆ ಎಣಿಸಲು ಅಧಿಕಾರಿ ಬಂದ ಭಾನುವಾರ ಅರುಳಪ್ಪನವರು ನನ್ನನ್ನೂ ಕೊನೆಯ ಸಾಲಿನಲ್ಲಿ ಕೂರಿಸಿದರು. ಆದರೂ ಮೂವತ್ತೊಂಬತ್ತೇ!

ಪಾದ್ರಿಗಳ ಪ್ರಸಂಗ ಶುರುವಾದದ್ದೇ ತಡ, ಗೊರಕೆಯೂ ಶುರುವಾಯಿತು. ಎಲ್ಲರೂ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದರು. ನಾನು ಕಣ್ಣು ಅಗಲಿಸಿ ತೋರಿಸಿದೆ. ಪಾದ್ರಿಗಳು ದನಿ ಏರಿಸಿದರು, ಗೊರಕೆಯೂ ಏರಿತು. "ಆಮೆನ್" ಎಂದೊಡನೆ ನಿಂತಿತು.

"ನಲವತ್ತು. ಸರಿಯಾಗಿದೆ, ಮುಚ್ಚಲ್ಲ" ಎಂದು ಅಧಿಕಾರಿ ಬರೆದುಕೊಂಡರು. ಗೇಟಿನ ಹತ್ತಿರ ಅರುಳಪ್ಪನವರ ಕಡೆ ತಿರುಗಿ, "ಬೀಗ ಹಾಕೋಕೆ ಮುಂಚೆ ನಾಲ್ಕನೇ ಸಾಲಲ್ಲಿರೋ ತಾತನ್ನ ಎಬ್ಬಿಸಿ ಕಣ್ರೀ. ಒಳ್ಳೆ ನಿದ್ದೆ" ಎಂದು ನಕ್ಕು ಹೋದರು.

ನಾವಿಬ್ಬರೂ ಒಳಗೆ ಇಣುಕಿದೆವು. ನಾಲ್ಕನೇ ಸಾಲಿದ್ದ ಕಡೆ ಬರೀ ನೆಲ. ಬೆಂಚು ಇನ್ನೂ ನನ್ನ ಶೆಡ್ಡಿನಲ್ಲೇ ಇತ್ತು.

ಅರುಳಪ್ಪನವರು ಶಿಲುಬೆಯ ಗುರುತು ಮಾಡಿಕೊಂಡು ಪಿಸುಗುಟ್ಟಿದರು: "ಬೇಗ ತಂದ್ಬಿಡಿ ಭಾಯ್. ಪಾಪ, ಎಷ್ಟು ವಾರ ಅಂತ ಗಾಳೀಲಿ ಕೂತಿರ್ತಾರೆ?"