ಹೆಸರಿಡಬಾರದ ಯಂತ್ರ

"ಏನ್ ಬೇಕಾದ್ರೂ ಮಾಡಿ, ಅದಕ್ಕೆ ಹೆಸರು ಮಾತ್ರ ಇಡಬೇಡಿ."

ಕೆಲಸ ಬಿಟ್ಟು ಹೊರಟಿದ್ದ ಹಿರಿಯ ಇಂಜಿನಿಯರ್ ಮೂಲೆಯ ಸರ್ವರ್ ತೋರಿಸಿ ಹೇಳಿದ. ಅವನ ಭುಜಗಳೆರಡೂ ನೆಲದ ಕಡೆಗೆ ಜಗ್ಗಿದ್ದವು. ಅವನ ಜಾಗಕ್ಕೆ ಬಂದ ಹೊಸಬನಿಗೆ ನಗು ತಡೆಯಲಾಗಲಿಲ್ಲ. ಹೆಸರಿಟ್ಟರೆ 'ಅಪ್ಪಾ' ಎಂದು ಕರೆಯುತ್ತದೇನೋ ಎಂದು ಕಿಚಾಯಿಸಿದ.

ಹಿರಿಯ ನಗಲಿಲ್ಲ. ಬೀರುವಿನಷ್ಟು ದೊಡ್ಡ ಆ ಯಂತ್ರವನ್ನು ಮೆಟ್ಟಿಲ ಮೇಲೆ ಹೊತ್ತು ತರುವಾಗ ಹಮಾಲಿಯೊಬ್ಬ ಅದರಡಿ ಅಪ್ಪಚ್ಚಿಯಾಗಿ ಸತ್ತನಂತೆ. ಅವನ ತಾಯಿ ಬಂದು, ನನ್ನ ಮಗ ಹೊತ್ತ ಭಾರ ನಿಮ್ಮ ಮಕ್ಕಳ ಮೇಲೂ ಬೀಳಲಿ ಎಂದು ಶಪಿಸಿ, ಸತ್ತವನ ಕೂದಲಿನ ಗಂಟೊಂದನ್ನು ಯಂತ್ರದ ಹೊಟ್ಟೆಯೊಳಗೆ ತುರುಕಿ ಹೋದಳಂತೆ. ಆ ಗಂಟು ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ. ಹೆಸರಿಲ್ಲದ ಯಂತ್ರದೊಳಗೆ ಭಾರ ಸುಮ್ಮನೆ ಕೂತಿದೆ, ಅಷ್ಟೇ.

ಮಾಟವಂತೆ, ಮಣ್ಣಂತೆ! ಹೊಸಬ ಕೆಲಸಕ್ಕೆ ಕೂತ. ಪರದೆಯ ಮೇಲೆ ಲೋಡ್, ಅಂದರೆ ಯಂತ್ರದ ಮೇಲಿನ ಕೆಲಸದ ಭಾರ, ಏರುತ್ತಲೇ ಇತ್ತು. ಒಳಗೆ ಹುಡುಕಿದರೆ ಪ್ರೊಸೆಸರ್ ಖಾಲಿ, ಡಿಸ್ಕ್ ಖಾಲಿ. ಓಡುತ್ತಿದ್ದ ಪ್ರೋಗ್ರಾಮುಗಳನ್ನು ಒಂದೊಂದಾಗಿ ನಿಲ್ಲಿಸಿದ. ಎಲ್ಲ ನಿಂತ ಮೇಲೂ ಲೋಡ್ ಏರಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಹರಡಿತ್ತು. ಯಾರೋ ಹೊರೆ ಹೊತ್ತು ಮೆಟ್ಟಿಲು ಹತ್ತುತ್ತಿರುವಂತೆ ಫ್ಯಾನುಗಳು ಏದುಸಿರು ಬಿಡುತ್ತಿದ್ದವು.

ಇವನಿಗೋ ಹಟ. ದೋಷ ಪತ್ತೆ ಹಚ್ಚುವ ಸಾಫ್ಟ್‌ವೇರ್ ಹಾಕಿದ. ಅದು ಯಂತ್ರದ ಹೆಸರು ಕೇಳಿತು. ಈ ಕಸುಬಿನವರಿಗೊಂದು ಚಾಳಿಯಿದೆ; ಪಾಸ್‌ವರ್ಡ್ ಇರಲಿ, ಯಂತ್ರವಿರಲಿ, ಬೆರಳು ತಾನಾಗಿ ಮನೆಯವರ ಹೆಸರು ಒತ್ತಿಬಿಡುತ್ತದೆ. 'ಗುಬ್ಬಿ' ಎಂದು ಒತ್ತಿದ. ಮಗಳನ್ನು ಅವನು ಕರೆಯುತ್ತಿದ್ದುದೇ ಹಾಗೆ. ಅಪ್ಪ ಮನೆಗೆ ಬಂದ ಕೂಡಲೇ ಬಾಗಿಲಿಗೆ ಓಡಿಬಂದು, ಎತ್ಕೋ ಎಂದು ಕೈಚಾಚುವ ಪುಟ್ಟಿ.

ಲೋಡ್ ಸರ್ರನೆ ಸೊನ್ನೆಗಿಳಿಯಿತು. ಗೆದ್ದೆ ಎಂದು ಬೀಗಿದ, ಪುಣ್ಯಾತ್ಮ.

ಆಗ ಹೆಂಡತಿಯ ಫೋನ್ ಬಂತು.

"ರೀ, ಗುಬ್ಬಿನ ಎತ್ತಕ್ಕಾಗ್ತಿಲ್ಲ. ಕಲ್ಲಿನ ಹಾಗೆ ಆಗಿದಾಳೆ. ಅವಳ ಭಾರಕ್ಕೆ ಮಂಚ ಮುರೀತು ಕಣ್ರೀ."

ಹೆಸರು ಅಳಿಸಿದ. ಅಳಿಯಲಿಲ್ಲ. ಕೇಬಲ್ ಕಿತ್ತ. ಫ್ಯಾನು ನಿಲ್ಲಲಿಲ್ಲ. ದೀಪ ಆರಿತು. ಪರದೆ ಮಾತ್ರ ಉರಿಯಿತು. ಕತ್ತಲಲ್ಲಿ ಏದುಸಿರು. ಹತ್ತಿರ. ಕಿವಿಯ ಪಕ್ಕದಲ್ಲೇ. ಹಿರಿಯನಿಗೆ ಫೋನ್ ಮಾಡಿದ.

"ನಿಮ್ಮ ಹೆಸರೂ ಸೇರಿಸಿ. ಅರ್ಧ ಭಾರ ನಿಮಗೆ ಬರುತ್ತೆ," ಎಂದ ಹಿರಿಯ. "ನಾನು ಸೇರಿಸೋ ಹೊತ್ತಿಗೆ ತಡ ಆಗಿತ್ತು. ನನ್ನ ಮಗ ಉಳೀಲಿಲ್ಲ. ಅವನು ಹೋದ್ಮೇಲೇ ಹೆಸರು ಅಳಿದಿದ್ದು."

ತನ್ನ ಹೆಸರು ಒತ್ತಿದ. ಹೆಗಲ ಮೇಲೆ ದೊಪ್ಪನೆ ಏನೋ ಬಿತ್ತು. ಗೋಡೆ ಹಿಡಿದು, ತೆವಳಿ, ಹೇಗೋ ಮನೆ ಸೇರಿದ.

ಮುರಿದ ಮಂಚದ ನಡುವೆ ಗುಬ್ಬಿ ಮಲಗಿದ್ದಳು. ಉಸಿರಾಡುತ್ತಿದ್ದಳು. ಬದುಕಿದ್ದಳಲ್ಲ, ಅಷ್ಟು ಸಾಕೆಂದು ಅವನಿಗೆ ಅಳು ಬಂತು. ಅಪ್ಪನನ್ನು ಕಂಡು ಅವಳ ಮುಖ ಅರಳಿತು. ಕೈ ಮೇಲೇಳಲಿಲ್ಲ. ಬೆರಳುಗಳಷ್ಟೇ ಅಲುಗಿದವು.

"ಅಪ್ಪಾ, ಎತ್ಕೋ."

ಬಗ್ಗಿದ. ಎರಡೂ ಕೈಯಲ್ಲಿ ಅವಳನ್ನು ಬಳಸಿ ಹಿಡಿದ. ಎತ್ತಲಾಗಲಿಲ್ಲ.

ಅವಳು ಇನ್ನೊಮ್ಮೆ ಕೇಳಿದಳು.