ಎಲೆಗೆ ಅಡ್ಡ ಹಿಡಿದ ಕೈ

ಬೆಟ್ಟಗಳು ಇನ್ನೂ ನಡೆದಾಡುತ್ತಿದ್ದ ಕಾಲದಲ್ಲಿ, ಏಳು ಕೆರೆಗಳ ಆಚೆ ಹೊನ್ನಂಬೂರು ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಬಾಚಲೆಗೆ ಎಂಟು ವರ್ಷವಾದರೂ ಮಾತು ಬಂದಿರಲಿಲ್ಲ. ಕಂಡವರೆಲ್ಲ ಬಜೆ ತೇಯ್ದು ಅವಳ ನಾಲಿಗೆಗೆ ಹಚ್ಚಿದರು. ರಾಜ್ಯದ ಬಜೆಯೆಲ್ಲ ಮುಗಿಯಿತೇ ಹೊರತು ಮಾತು ಬರಲಿಲ್ಲ.

ಅರಮನೆಯಲ್ಲಿ ಅಡುಗೆ ಮಾಡುವ ದ್ಯಾವಮ್ಮ ಮಾತ್ರ ಬೇರೆ ದಾರಿ ಹಿಡಿದಳು. ಹಳೆಯ ಸೀರೆಯ ತುಂಡಿನ ಮೇಲೆ ಇದ್ದಿಲಿನಿಂದ ಚಿತ್ರ ಬರೆದಳು. ಅನ್ನ, ಹುಳಿ, ಹೋಳಿಗೆ, ಹಾಗಲಕಾಯಿ ಗೊಜ್ಜು. ಬಾಚಲೆ ಯಾವುದರ ಮೇಲೆ ಬೆರಳಿಟ್ಟರೆ ಅದು ಎಲೆಗೆ ಬೀಳುತ್ತಿತ್ತು. ಮಗು ನಕ್ಕಿತು, ದ್ಯಾವಮ್ಮನ ತಲೆಗೆ ಕೊಂಬು ಬಂತು.

ಆದರೆ 'ಬೇಡ' ಎಂಬುದನ್ನು ಮಾತ್ರ ಅವಳು ಬೇಕೆಂದೇ ಬರೆಯಲಿಲ್ಲ. "ಬೇಡ ಅನ್ನೋದು ಕಲಿತರೆ ನನ್ನ ಗೊಜ್ಜು ತಿನ್ನೋರ್ಯಾರು?" ಎಂದು ಒಲೆಯ ಮುಂದೆ ಗೊಣಗಿಕೊಂಡಳು. ಗೊಜ್ಜು ಬಂದಾಗಲೆಲ್ಲ ಬಾಚಲೆ ಎಲೆಗೆ ಅಡ್ಡ ಕೈ ಹಿಡಿಯುತ್ತಿದ್ದಳು. ಆ ಸೀಮೆಯಲ್ಲೋ, ಕೈ ಅಡ್ಡ ಹಿಡಿದವರಿಗೆ ಎರಡು ಸೌಟು ಹೆಚ್ಚು ಹಾಕುವುದೇ ಮರ್ಯಾದೆ. "ಉಣ್ಣು ನನ್ನವ್ವ" ಎಂದು ದ್ಯಾವಮ್ಮ ಬೆರಳ ಸಂದಿಯಲ್ಲೇ ಬಡಿಸುತ್ತಿದ್ದಳು.

ಹೀಗಿರಲು ಮಾತುನುಂಗನೆಂಬ ಮಾಂತ್ರಿಕ ಮೂರು ಬಾಲದ ಹುಲಿಯೇರಿ ಆಸ್ಥಾನಕ್ಕೆ ಬಂದ. ಅವನೆದುರು ಬಾಯಿ ತೆರೆದವರ ದನಿ ಅವನ ಹೊಟ್ಟೆ ಸೇರುತ್ತಿತ್ತು. "ಯಾರೋ ನೀನು?" ಎಂದ ರಾಜನ ದನಿ ಹೋಯಿತು. "ಹಿಡಿಯಿರಿ" ಎಂದ ಸೇನಾಪತಿಯದೂ ಹೋಯಿತು. ಜಾಣ ಮಂತ್ರಿ ಬಾಯಿ ಬಿಗಿಹಿಡಿದ, ಆದರೆ ಸೀನು ಬಂತು. "ಅಯ್ಯೋ ಶಿವನೇ" ಎಂದು ದ್ಯಾವಮ್ಮನೂ ದನಿ ಕಳೆದುಕೊಂಡಳು. ಬಾಚಲೆಯ ಹತ್ತಿರ ಮಾತ್ರ ನುಂಗಲು ಏನೂ ಇರಲಿಲ್ಲ.

ಮಾತುನುಂಗ ರಾಜನ ದನಿಯಲ್ಲೇ ಹೇಳಿದ: "ನನ್ನ ಮಾಯೆಗೂ ಒಂದು ಕಟ್ಟಳೆಯುಂಟು. ಮೂರು ಸಲ ಕೇಳುತ್ತೇನೆ. ಒಬ್ಬರು ಬೇಡವೆಂದಾಗ ಇನ್ನೊಬ್ಬರು ಆ ಮಾತಿಗೆ ಬೆಲೆ ಕೊಟ್ಟು ನಡೆದರೆ ನಾನು ಸೋತೆ. ಇಲ್ಲವಾದರೆ ಮೌನಂ ಸಮ್ಮತಿ ಲಕ್ಷಣಂ. ಅರಮನೆ ನನಗಿರಲಿ, ಆದೀತೇ?"

ಎಲ್ಲರೂ ತಲೆ ಅಲ್ಲಾಡಿಸಿದರು. "ನಿಮ್ಮ ತಲೆ ಅಲ್ಲಾಟ ಹೌದೋ ಅಲ್ಲವೋ ನಿಮ್ಮ ಹೆಂಡಿರಿಗೇ ತಿಳಿಯದು" ಎಂದು ಮಾತುನುಂಗ ಅರಮನೆ ತೆಗೆದುಕೊಂಡ.

"ಆನೆಗಳೆಲ್ಲ ನನಗಿರಲಿ, ಆದೀತೇ?"

ಬಾಚಲೆ ಸೀರೆಯ ತುಂಡನ್ನು ಬಿಡಿಸಿ ಮೂಲೆಮೂಲೆ ಹುಡುಕಿದಳು. ಬೇಕಾದ ಚಿತ್ರ ಇರಲಿಲ್ಲ. ಅವಳು ದ್ಯಾವಮ್ಮನ ಮುಖ ನೋಡಿದಳು, ದ್ಯಾವಮ್ಮ ನಾಚಿಕೆಯಿಂದ ನೆಲ ನೋಡಿದಳು. ಆನೆಗಳೂ ಹೋದವು.

"ಇನ್ನು ಈ ಹುಡುಗಿ ನನ್ನ ಊಳಿಗಕ್ಕಿರಲಿ. ಏನು ಹೇಳಿದರೂ ಎದುರಾಡುವವಳಲ್ಲ. ಆದೀತೇ?"

ದ್ಯಾವಮ್ಮ ಅಡುಗೆಮನೆಗೆ ಓಡಿದಳು. ಇದ್ದಿಲು, ಬಾಳೆಲೆ, ಗೊಜ್ಜಿನ ಪಾತ್ರೆ ಹೊತ್ತು ತಂದಳು. ಬಟ್ಟೆಯ ಮೇಲೆ ಎಲೆಯನ್ನೂ ಅದಕ್ಕೆ ಅಡ್ಡ ಹಿಡಿದ ಕೈಯನ್ನೂ ಸರಸರನೆ ಬರೆದಳು. ಬಾಚಲೆ ಅದರ ಮೇಲೆ ಬೆರಳು ಒತ್ತಿ ಮಾಂತ್ರಿಕನನ್ನೇ ದಿಟ್ಟಿಸಿದಳು.

ಮಾತುನುಂಗ ನಕ್ಕ. "ಹಾಗೆಂದರೆ ನಿಮ್ಮಲ್ಲಿ ಇನ್ನೆರಡು ಸೌಟು ಹಾಕು ಎಂದಲ್ಲವೇ?"

ದ್ಯಾವಮ್ಮ ಎಲೆ ಹಾಸಿದಳು. ಸೌಟಿನ ತುಂಬ ಗೊಜ್ಜು ಎತ್ತಿದಳು. ಬಾಚಲೆ ಕೈ ಅಡ್ಡ ಹಿಡಿದಳು. ನಲವತ್ತು ವರ್ಷದಲ್ಲಿ ದ್ಯಾವಮ್ಮ ಎತ್ತಿದ ಸೌಟು ಹಿಂದಕ್ಕೆ ಹೋದದ್ದಿಲ್ಲ. ಅಂದು ಅವಳು ಗೊಜ್ಜನ್ನು ಪಾತ್ರೆಗೆ ಮರಳಿ ಸುರಿದಳು.

ಮಾತುನುಂಗನ ಹೊಟ್ಟೆ ಬಿರಿಯಿತು. ದನಿಗಳೆಲ್ಲ ಹೊರಗೆ ಹಾರಿದವು, ಅರಮನೆಯೂ ಆನೆಗಳೂ ರಾಜನಿಗೆ ಮರಳಿದವು. ಅವನು ಗೋಡೆಯ ಹಲ್ಲಿಯಾಗಿ, ಯಾರು ಏನೆಂದರೂ ಲೊಚಗುಟ್ಟುತ್ತ ಉಳಿದ. ಹುಲಿ ಹೋಳಿಗೆಯ ಆಸೆಗೆ ಅಡುಗೆಮನೆ ಸೇರಿತು. ಗಡಿಬಿಡಿಯಲ್ಲಿ ದನಿಗಳು ಅದಲುಬದಲಾಗಿ, ಮೂರು ದಿನ ರಾಜ ತನ್ನ ಸೇನಾಪತಿಗೆ ದ್ಯಾವಮ್ಮನ ದನಿಯಲ್ಲೇ ಅಪ್ಪಣೆ ಕೊಟ್ಟ.

ಅಂದಿನಿಂದ ಸೀರೆಯ ತುಂಡು ಬೆಳೆಯಿತು. ಸಿಟ್ಟು, ಯಾಕೆ, ಹೋಗು, ತಮಾಷೆ ಎಲ್ಲ ಸೇರಿದವು. ಬಾಚಲೆಯೊಡನೆ ಮಾತಾಡುವಾಗ ರಾಜನೂ ಚಿತ್ರದ ಮೇಲೆ ಬೆರಳಿಟ್ಟೇ ಮಾತಾಡಿದ, ಅವಳ ಬೆರಳು ಸಾಗುವವರೆಗೆ ಕಾಯುವುದನ್ನೂ ಕಲಿತ.

ಗೆಲುವಿನ ಔತಣದಲ್ಲಿ ದ್ಯಾವಮ್ಮ ಗೊಜ್ಜು ತಂದು ನಿಂತು ಕಾದಳು. ಬಾಚಲೆ 'ಬೇಡ'ದ ಚಿತ್ರದ ಮೇಲೆ ಬೆರಳಿಟ್ಟಳು. ಸೌಟು ಹಿಂದಕ್ಕೆ ಹೋಯಿತು, ದ್ಯಾವಮ್ಮನ ಕಣ್ಣು ತುಂಬಿತು. ಆಮೇಲೆ ಬಾಚಲೆ ಗೊಜ್ಜಿನ ಚಿತ್ರದ ಮೇಲೆ ಬೆರಳಿಟ್ಟು, ಪಕ್ಕದಲ್ಲಿದ್ದ ಮಂತ್ರಿಯ ಎಲೆ ತೋರಿಸಿ, ಕೊನೆಗೆ 'ತಮಾಷೆ'ಯನ್ನು ಮುಟ್ಟಿದಳು.

ಮಂತ್ರಿ ಎರಡೂ ಕೈ ಅಡ್ಡ ಹಿಡಿದ. ಆ ಊರಲ್ಲಿ ಎಲ್ಲರೂ ಬೇಕಾದ್ದನ್ನು ಉಂಡು, ಬೇಡದ್ದನ್ನು ಬಿಟ್ಟು, ಸುಖವಾಗಿದ್ದರು.